ಕ್ರೋಮ್ ತೊಳೆದ ನೀರಿಗೆ ಕರೆಂಟು: ಅಲ್ಯೂಮಿನಿಯಂ ಪ್ಲೇಟೋ, ಕಬ್ಬಿಣದ್ದೋ?

ಪ್ರಶ್ನೆ:
ಎಲ್ಲರಿಗೂ ನಮಸ್ಕಾರ. ಪೀಣ್ಯ ಎರಡನೇ ಹಂತದಲ್ಲಿ ನಮ್ಮದೊಂದು ಸಣ್ಣ ಪ್ಲೇಟಿಂಗ್ ಶಾಪ್ ಇದೆ. ಅಪ್ಪ ಶುರು ಮಾಡಿದ್ದು. ಲೋಹದ ಸಾಮಾನಿಗೆ ಕ್ರೋಮ್, ನಿಕ್ಕಲ್ ಎರಡರ ಲೇಪವನ್ನೂ ಮಾಡುತ್ತೇವೆ. ಕ್ರೋಮ್ ಲೈನಿನಿಂದ ದಿನಕ್ಕೆ 2,000 ಲೀಟರ್ ತೊಳೆದ ನೀರು ಬರುತ್ತದೆ. ಅದರಲ್ಲಿ ಹೆಕ್ಸಾವೇಲೆಂಟ್ ಕ್ರೋಮಿಯಂ (ಕ್ರೋಮಿಯಂನ ವಿಷಕಾರಿ ರೂಪ) ಲೀಟರಿಗೆ 40 ಮಿಲಿಗ್ರಾಂ. ಈಗ ಆಸಿಡ್ ಹಾಕಿ ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) ಇಳಿಸಿ, ಆ ವಿಷ ಇಳಿಸುವ ಬೈಸಲ್ಫೈಟ್ ರಾಸಾಯನಿಕ ಹಾಕಿ, ಆಮೇಲೆ ಸುಣ್ಣ ಹಾಕುತ್ತೇವೆ. ಆ ಘಾಟಿಗೆ ಹುಡುಗರು ಕೆಮ್ಮುವುದನ್ನು ನೋಡೋಕಾಗಲ್ಲ. ಕರೆಂಟ್ ಹರಿಸಿ ಶುದ್ಧ ಮಾಡುವ ಯೂನಿಟ್ ಅಂತ ಒಬ್ಬರು ತೋರಿಸಿದರು. ಒಳಗೆ ಅಲ್ಯೂಮಿನಿಯಂ ಪ್ಲೇಟು. ತಗೊಳ್ಳಬಹುದಾ? ಪೀಣ್ಯದ ಬೋರ್‌ವೆಲ್‌ಗಳಲ್ಲಿ ಕ್ರೋಮಿಯಂ ಸಿಕ್ಕಿರುವುದು ನಿಮಗೆಲ್ಲ ಗೊತ್ತೇ ಇದೆ. ಅದಕ್ಕೆ ನಮ್ಮ ಪಾಲು ಸೇರಬಾರದು.

ಉತ್ತರ 1:
ಸರ್, ಅಲ್ಯೂಮಿನಿಯಂ ಬೇಡವೇ ಬೇಡ. ಹದಿನೆಂಟು ವರ್ಷದಿಂದ ಇ.ಟಿ.ಪಿ. (ಕಾರ್ಖಾನೆಯ ಕೊಳೆ ನೀರು ಶುದ್ಧ ಮಾಡುವ ಘಟಕ) ನೋಡಿಕೊಳ್ಳುತ್ತಿದ್ದೇನೆ. ಒಂದು ಸಲ ನಾವೂ ಅಲ್ಯೂಮಿನಿಯಂ ಇಳಿಸಿ ನೋಡಿದ್ದೆವು. ಒಂದು ಗಂಟೆ ಕರೆಂಟ್ ಕೊಟ್ಟೆವು. ಮೇಲೆ ಬಿಳಿ ನೊರೆ ಬಂತು, ಹಳದಿ ಬಣ್ಣ ಹೋಗಲಿಲ್ಲ. ಅದೇ ನೀರಿಗೆ ಎಂ.ಎಸ್. (ಮೈಲ್ಡ್ ಸ್ಟೀಲ್, ಅಂದರೆ ಮಾಮೂಲಿ ಕಬ್ಬಿಣದ) ಪ್ಲೇಟು ಇಳಿಸಿದ ಮೇಲೆ ಹಳದಿ ಹೋಗಿ ತಳದಲ್ಲಿ ಗಸಿ ಕೂತಿತು.

ಕಬ್ಬಿಣ ಕರಗುವಾಗ ಫೆರಸ್ (ನೀರಲ್ಲಿ ಕರಗಿದ ಕಬ್ಬಿಣದ ಒಂದು ರೂಪ) ಆಗಿ ನೀರಿಗಿಳಿಯುತ್ತದೆ. ಅದೇ ಹೆಕ್ಸಾವೇಲೆಂಟ್ ಕ್ರೋಮಿಯಂ ಅನ್ನು ಟ್ರೈವೇಲೆಂಟ್, ಅಂದರೆ ವಿಷ ಕಡಿಮೆ ಇರುವ ರೂಪ, ಮಾಡುತ್ತದೆ. ಪಿಎಚ್ 8ರ ಆಸುಪಾಸಿನಲ್ಲಿ ಅದು ಹೈಡ್ರಾಕ್ಸೈಡ್ ಆಗಿ ಕೆಳಗೆ ಕೂರುತ್ತದೆ. ಬೈಸಲ್ಫೈಟ್ ಬೇಕಿಲ್ಲ, ಘಾಟೂ ಇಲ್ಲ.

ನಿಮ್ಮ ಲೆಕ್ಕ ಹಾಕಿದೆ. ದಿನಕ್ಕೆ 80 ಗ್ರಾಂ ಕ್ರೋಮಿಯಂ. ಒಂದು ಗ್ರಾಂಗೆ 3.22 ಗ್ರಾಂ ಕಬ್ಬಿಣ ಬೇಕು, ಅಂದರೆ ಸುಮಾರು 258 ಗ್ರಾಂ. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಕರಗುವುದು 1.04 ಗ್ರಾಂ. ಎಂಟು ಗಂಟೆ ಓಡಿಸಿದರೆ 31 ಆಂಪಿಯರ್. ಸ್ವಲ್ಪ ಜಾಸ್ತಿ, 40 ಇಟ್ಟುಕೊಳ್ಳಿ. ಅಷ್ಟು ಕೊಡುವ ಹಳೇ ರೆಕ್ಟಿಫೈಯರ್ (ಎ.ಸಿ. ಕರೆಂಟನ್ನು ಡಿ.ಸಿ. ಮಾಡುವ ಯಂತ್ರ) ನಿಮ್ಮಲ್ಲೇ ಇರಬಹುದು ಅಲ್ವಾ? ಪ್ಲೇಟಿನ ಮೇಲೆ ಪದರ ಕಟ್ಟುತ್ತದೆ, ಆಗಾಗ ಪ್ಲಸ್ಸು ಮೈನಸ್ಸು ಅದಲು ಬದಲು ಮಾಡಿ. ಹೈಡ್ರೋಜನ್ ಬರುತ್ತದೆ, ತೊಟ್ಟಿ ಮುಚ್ಚಬೇಡಿ, ಗಾಳಿ ಆಡಲಿ.

ಉತ್ತರ 2:
ನಿಕ್ಕಲ್ ನೀರನ್ನು ಇದಕ್ಕೆ ಬೆರೆಸಬೇಡಿ. ನಿಕ್ಕಲ್ ಕೂರುವುದಕ್ಕೆ ಪಿಎಚ್ 9.5–10 ಬೇಕು. ಎರಡನ್ನೂ ಒಂದೇ ತೊಟ್ಟಿಗೆ ಬಿಟ್ಟರೆ ಒಂದು ಕೂತರೆ ಇನ್ನೊಂದು ಕೂರಲ್ಲ. ಸಯನೈಡ್ ಜಿಂಕ್ ಲೈನ್ ಏನಾದರೂ ಇದೆಯಾ? ಆ ನೀರಿಗೆ ಆಸಿಡ್ ತಾಗಿದರೆ ವಿಷದ ಗ್ಯಾಸ್ ಏಳುತ್ತದೆ, ಜೀವಕ್ಕೇ ಅಪಾಯ.

ಪ್ರಶ್ನೆ ಕೇಳಿದವರು:
ಸಯನೈಡ್ ಇಲ್ಲ ಮೇಡಂ. ನಿಕ್ಕಲ್‌ಗೆ ಬೇರೆ ಪೈಪು ಎಳೆಸುತ್ತೇನೆ. ಗಸಿ ಏನು ಮಾಡೋದು ಸರ್?

ಉತ್ತರ 1:
ಫಿಲ್ಟರ್ ಪ್ರೆಸ್‌ಗೆ ಹಾಕಿ ಹಿಂಡಿ, ಚೀಲ ಕಟ್ಟಿ, ಮಳೆ ತಾಗದ ಕಡೆ ಇಡಿ. ಅದು ಅಪಾಯಕಾರಿ ತ್ಯಾಜ್ಯ. ಮಾಲಿನ್ಯ ನಿಯಂತ್ರಣ ಮಂಡಳಿ ಒಪ್ಪಿದ ಜಾಗಕ್ಕೇ ಕಳಿಸಬೇಕು. ಇನ್ನೊಂದು ಮಾತು. ಹೊರಗೆ ಬಿಡುವ ನೀರಿನಲ್ಲಿ ಹೆಕ್ಸಾವೇಲೆಂಟ್ ಲೀಟರಿಗೆ 0.1 ಮಿಲಿಗ್ರಾಂ ದಾಟಬಾರದು. ಕಣ್ಣಿಗೆ ತಿಳಿಯಾಗಿ ಕಂಡರೆ ಸಾಲದು, ಲ್ಯಾಬಿಗೆ ಕೊಡಲೇಬೇಕು. ಯೂನಿಟ್‌ಗೆ ದುಡ್ಡು ಹಾಕುವ ಮುಂಚೆ ನಿಮ್ಮದೇ ನೀರು 20 ಲೀಟರ್ ಬಕೆಟ್‌ನಲ್ಲಿ ತಗೊಳ್ಳಿ. ಎರಡು ಎಂ.ಎಸ್. ಪ್ಲೇಟು, 5 ಆಂಪಿಯರ್, 40 ನಿಮಿಷ. ಏನಾಯಿತು ಅಂತ ಇಲ್ಲೇ ಬರೆಯಿರಿ.