ಪದಚರ್ಚೆ: ಹಳೆಯ ಪೋರ್ಟ್ ವೈನ್‌ಗೆ ಗಸಿ, ಒಗರು, ಇನ್ನೊಂದು ಪದ

ನಮಸ್ಕಾರ. ವಿಂಟೇಜ್ ಪೋರ್ಟ್ ರುಚಿ ನೋಡುವ ಬಗೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಕೆಲವು ಪದಗಳ ಬಗ್ಗೆ ನಿಮ್ಮ ಸಲಹೆ ಬೇಕು. ಗೋವಾದಲ್ಲಿ ಪೋರ್ಟ್ ಎಂಬ ಹೆಸರಲ್ಲಿ ಸಿಗುವ ಸಿಹಿ ವೈನ್ ಬೇರೆ. ನಾನು ಹೇಳುತ್ತಿರುವುದು ಪೋರ್ಚುಗಲ್ಲಿನ ಡೌರೊ ಕಣಿವೆಯದ್ದು.

ಅಲ್ಲಿ ದ್ರಾಕ್ಷಿ ರಸಕ್ಕೆ ಹುದುಗು ಬರುತ್ತಿರುವಾಗಲೇ ಶೇ. 77ರಷ್ಟು ಆಲ್ಕೋಹಾಲ್ ಇರುವ ದ್ರಾಕ್ಷಿ ಸಾರಾಯಿ ಬೆರೆಸುತ್ತಾರೆ. ಹುದುಗು ನಿಲ್ಲುತ್ತದೆ, ಸಿಹಿ ಉಳಿಯುತ್ತದೆ. 1963, 1994, 2011ರಂಥ ಒಳ್ಳೆಯ ವರ್ಷಗಳದ್ದನ್ನು ಮಾತ್ರ ವಿಂಟೇಜ್ ಎಂದು ಘೋಷಿಸಿ, ಎರಡು-ಮೂರು ವರ್ಷದೊಳಗೆ ಸೋಸದೆ ಬಾಟಲಿಗೆ ತುಂಬುತ್ತಾರೆ. ಆಮೇಲೆ ದಶಕಗಟ್ಟಲೆ ಅದು ಬಾಟಲಿಯಲ್ಲೇ ಮಾಗುತ್ತದೆ.

ಹಾಗೆ ಮಾಗುವಾಗ ವೈನಿನಿಂದ ಬೇರೆಯಾದ ಕಣವೆಲ್ಲ ಬಾಟಲಿಯೊಳಗೆ ದಪ್ಪಗೆ ಕೂರುತ್ತದಲ್ಲ, ಅದಕ್ಕೆ ಏನನ್ನೋಣ? ಮಡ್ಡಿ ಅಂದರೆ ಎಣ್ಣೆ ಡಬ್ಬ ನೆನಪಾಗುತ್ತದೆ. ಚರಟ ಅಂದರೆ ಕಾಫಿ ಸೋಸಿ ಎಸೆಯುವುದು. ನನಗೆ ಗಸಿ ಹಿಡಿಸಿದೆ. ಆದರೆ ಮಂಗಳೂರು ಕಡೆಯವರಿಗೆ ಗಸಿ ಅಂದರೆ ಊಟಕ್ಕೆ ಮಾಡುವ ಪದಾರ್ಥ, ಅಲ್ವಾ?

ಕುಡಿಯುವ ಹಿಂದಿನ ದಿನವೇ ಬಾಟಲಿಯನ್ನು ನೆಟ್ಟಗೆ ನಿಲ್ಲಿಸುತ್ತಾರೆ. ಮರುದಿನ ಅದರ ಕತ್ತಿನ ಹಿಂದೆ ದೀಪ ಹಿಡಿದು, ಅಲುಗಾಡಿಸದೆ ಬೇರೆ ಪಾತ್ರೆಗೆ ಸುರಿಯುತ್ತಾರೆ. ಗಸಿ ಕತ್ತಿಗೆ ಬಂದ ಕೂಡಲೇ ಕೈ ನಿಲ್ಲಿಸುತ್ತಾರೆ. ಇದಕ್ಕೆ ‘ಬಸಿಯುವುದು’ ಎಂದು ಬರೆದವರಿದ್ದಾರೆ. ನನಗೆ ಸರಿ ಕಾಣಲಿಲ್ಲ. ಗಂಜಿ ಬಸಿದಾಗ ನಮಗೆ ಬೇಕಾದ್ದು ಪಾತ್ರೆಯಲ್ಲಿ ಉಳಿದ ಅನ್ನ. ಇಲ್ಲಿ ಬೇಕಾದ್ದು ಮೇಲಿನ ತಿಳಿ. ಹಾಗಾಗಿ ‘ತಿಳಿ ಬಗ್ಗಿಸುವುದು’ ವಾಸಿ.

ದ್ರಾಕ್ಷಿಯ ಸಿಪ್ಪೆ, ಬೀಜದಿಂದ ಬಂದು ನಾಲಿಗೆ ಒಣಗಿಸುವ ಟ್ಯಾನಿನ್‌ಗೆ ಹೊಸ ಪದ ಕಟ್ಟುವುದೇ ಬೇಡ. ಒಗರು ಇದೆ, ಅಷ್ಟು ಖಚಿತವಾದ ಪದ ಇನ್ನೊಂದಿಲ್ಲ. ಎಳೆಯ ಪೋರ್ಟಿನಲ್ಲಿ ಒಗರು ಜಾಸ್ತಿ, ಬಣ್ಣ ಕಡು ನೇರಳೆ. ಮಾಗಿದಂತೆ ಒಗರು ತಗ್ಗುತ್ತದೆ, ಬಣ್ಣ ಇಟ್ಟಿಗೆ ಕೆಂಪಿಗೆ ತಿರುಗುತ್ತದೆ. ಸಿಹಿ, ಒಗರು, ಗಂಟಲಿನ ಕಾವು ಒಂದನ್ನೊಂದು ಮೀರದೆ ಇವೆಯೇ ಎಂದು ನೋಡುವುದೇ ಪರೀಕ್ಷೆ.

ನನಗೆ ಸಿಗದೆ ಉಳಿದದ್ದು ‘ಫಿನಿಶ್’. ನುಂಗಿದ ಮೇಲೆ ರುಚಿ ಬಾಯಲ್ಲಿ ಎಷ್ಟು ಹೊತ್ತು ಇರುತ್ತದೆ ಎಂಬುದು ಅದು. ಒಳ್ಳೆಯ ಪೋರ್ಟಿಗೆ ಇದು ದೊಡ್ಡ ಅಳತೆ. ‘ಮುಕ್ತಾಯ’ ಎಂದರೆ ಎಲ್ಲ ಮುಗಿದ ಹಾಗೆ ಕೇಳುತ್ತದೆ. ‘ಬಾಯಿರುಚಿ’ಗೆ ಬೇರೆಯೇ ಅರ್ಥವಿದೆ. ‘ನಿಲ್ಲು’ ಬಳಸೋಣವೆಂದರೆ, ‘ರುಚಿ ನಿಂತಿತು’ ಎಂದಾಗ ಉಳಿಯಿತೋ ಹೋಯಿತೋ ಗೊತ್ತಾಗುವುದಿಲ್ಲ. ‘ಉಳಿರುಚಿ’ ಎಂದು ಸದ್ಯಕ್ಕೆ ಬರೆದಿಟ್ಟಿದ್ದೇನೆ. ಹಲಸೋ ಜೇನೋ ತಿಂದ ಮೇಲೆ ಬಾಯಲ್ಲಿ ಉಳಿಯುವ ರುಚಿಗೆ ನಿಮ್ಮೂರ ಹಿರಿಯರು ಏನನ್ನುತ್ತಾರೆ?