ಎಕೋದಲ್ಲಿ ಮೂರೇ ಪರ್ಸೆಂಟ್ ಏರಿದೆ, ರಿಹ್ಯಾಬ್ ದಂಡವಾಯ್ತಾ?

ಪ್ರಶ್ನೆ: ಮೇಡಂ, ಅಪ್ಪನಿಗೆ 63 ವರ್ಷ. ನಾಲ್ಕು ತಿಂಗಳ ಹಿಂದೆ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿದರು. ಒಂದು ತಿಂಗಳಾದ ಮೇಲೆ ಎಕೋದಲ್ಲಿ (ಹೃದಯದ ಸ್ಕ್ಯಾನ್) ಪಂಪಿಂಗ್ 40 ಪರ್ಸೆಂಟ್ ಇತ್ತು. ಆಮೇಲೆ 12 ವಾರ ವ್ಯಾಯಾಮ ಮಾಡಿಸುವ ಕಾರ್ಡಿಯಾಕ್ ರಿಹ್ಯಾಬ್‌ಗೆ ಹೋದರು, ಒಂದು ದಿನವೂ ತಪ್ಪಿಸಲಿಲ್ಲ. ಮೊನ್ನೆ ಎಕೋ ಮಾಡಿಸಿದರೆ 43. ಅಪ್ಪ ಪೂರ್ತಿ ಕುಗ್ಗಿಹೋಗಿದ್ದಾರೆ. ಇಷ್ಟೆಲ್ಲ ಮಾಡಿದ್ದಕ್ಕೆ ಬರೀ ಮೂರಾ?

ಉತ್ತರ (ಫಿಸಿಯೋಥೆರಪಿಸ್ಟ್): ಮೊದಲು ನೀವು ಹೇಳಿ, ಅಪ್ಪ ಈಗ ಮೆಟ್ಟಿಲು ಹೇಗೆ ಹತ್ತುತ್ತಾರೆ?

ಪಂಪಿಂಗ್ 43 ಅಂದರೆ ಹೃದಯ ಅರ್ಧಕ್ಕಿಂತ ಕಡಿಮೆ ಕೆಲಸ ಮಾಡುತ್ತಿದೆ ಎಂದಲ್ಲ. ಎಡಗಡೆಯ ಕೆಳಕೋಣೆಯಲ್ಲಿ ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಪಾಲು ಹೊರಗೆ ಹೋಗುತ್ತದೆ ಎಂಬ ಲೆಕ್ಕ ಅದು. ಗಟ್ಟಿಮುಟ್ಟಾಗಿರುವವರಲ್ಲೂ ಸುಮಾರು 55ರಿಂದ 70 ಅಷ್ಟೇ. ಎಕೋ ನೋಡುವವರು ಬದಲಾದರೂ ಅದೇ ಹೃದಯಕ್ಕೆ ನಾಲ್ಕೈದು ಹೆಚ್ಚುಕಡಿಮೆ ಬರುವುದುಂಟು. ನಿಜ ಹೇಳಬೇಕೆಂದರೆ, ಈ ಮೂರನ್ನು ಏರಿಕೆ ಅಂತಲೂ ನಾನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಅಟ್ಯಾಕ್‌ನಲ್ಲಿ ಸತ್ತ ಸ್ನಾಯು ಗಾಯದ ಕಲೆಯಾಗಿ ಉಳಿಯುತ್ತದೆ. ಎಷ್ಟು ನಡೆದರೂ ಆ ಜಾಗ ಮತ್ತೆ ಬಡಿಯುವುದಿಲ್ಲ. ಅದರ ಪಕ್ಕದಲ್ಲಿ ಸಾಯದೆ ಸುಮ್ನೆ ಮಂಕಾಗಿ ನಿಂತ ಸ್ನಾಯುವೂ ಇರುತ್ತದೆ. ರಕ್ತ ಮತ್ತೆ ಹರಿದ ಮೇಲೆ ಕೆಲವು ದಿನಗಳಲ್ಲಿ, ಕೆಲವೊಮ್ಮೆ ಕೆಲವು ವಾರಗಳಲ್ಲಿ ಅದು ತಾನಾಗಿಯೇ ಎದ್ದುಕೊಳ್ಳುತ್ತದೆ. ನಿಮ್ಮ ಮೊದಲ ಎಕೋ ಒಂದು ತಿಂಗಳಿನದು. ಅಷ್ಟರಲ್ಲಿ ಆ ಚೇತರಿಕೆ ಬಹಳಷ್ಟು ಮುಗಿದಿರಬಹುದು.

ಹಾಗಾದರೆ ರಿಹ್ಯಾಬ್ ಮಾಡಿದ್ದೇನು? ಬಹುಪಾಲು ಕೆಲಸ ಹೃದಯದ ಆಚೆ ನಡೆಯುತ್ತದೆ. ಕಾಲಿನ ಸ್ನಾಯುಗಳು ಬಂದ ರಕ್ತದಿಂದಲೇ ಜಾಸ್ತಿ ಆಮ್ಲಜನಕ ಹೀರಲು ಕಲಿಯುತ್ತವೆ. ರಕ್ತನಾಳಗಳು ಬೇಕಾದಾಗ ಚೆನ್ನಾಗಿ ಹಿಗ್ಗುತ್ತವೆ. ಸುಮ್ಮನೆ ಕೂತಾಗಿನ ನಾಡಿ ಇಳಿಯುತ್ತದೆ. ಅದೇ ದೂರ ನಡೆಯಲು ಹೃದಯಕ್ಕೆ ಬೀಳುವ ಹೊರೆ ಕಡಿಮೆಯಾಗುತ್ತದೆ. ಇದ್ಯಾವುದೂ ಎಕೋದ ಆ ಒಂದು ಅಂಕಿಯಲ್ಲಿ ಕಾಣಿಸುವುದಿಲ್ಲ. 2021ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಗೂಡಿಸಿ ಪರಿಶೀಲಿಸುವ ಕಾಕ್ರೇನ್ ಸಂಸ್ಥೆ ಇಂಥ ರಿಹ್ಯಾಬ್ ಬಗೆಗಿನ 85 ಪ್ರಯೋಗಗಳನ್ನು ಒಟ್ಟಿಗೆ ನೋಡಿತು. 23,000ಕ್ಕೂ ಹೆಚ್ಚು ಜನ ಅದರಲ್ಲಿದ್ದರು. ವ್ಯಾಯಾಮದ ರಿಹ್ಯಾಬ್ ಮಾಡಿದವರಲ್ಲಿ ಹೃದಯದ ಕಾಯಿಲೆಯಿಂದ ಸಾವು, ಮತ್ತೊಂದು ಅಟ್ಯಾಕ್, ಆಸ್ಪತ್ರೆ ಸೇರುವುದು, ಮೂರೂ ಕಡಿಮೆ.

ಪ್ರಶ್ನೆ: ಮೊದಲು ಅರ್ಧ ಮೆಟ್ಟಿಲಿಗೇ ಕೂರುತ್ತಿದ್ದರು. ಈಗ ಎರಡು ಮಹಡಿ ನಿಲ್ಲದೆ ಹತ್ತುತ್ತಾರೆ! ಆರು ನಿಮಿಷದ ನಡಿಗೆ ಪರೀಕ್ಷೆಯಲ್ಲೂ 310 ಮೀಟರ್ ಇದ್ದದ್ದು 390 ಆಗಿದೆ. ಇನ್ನೊಂದು ಮಾತು. ವಾಚ್ 125 ಮುಟ್ಟಿ ಅನ್ನುತ್ತದೆ, ಅಪ್ಪನ ನಾಡಿ 100 ದಾಟುವುದೇ ಇಲ್ಲ.

ಉತ್ತರ: ನೋಡಿ, ರಿಸಲ್ಟ್ ನಿಮ್ಮ ಕೈಯಲ್ಲೇ ಇತ್ತು ಅಲ್ವಾ? ನಡಿಗೆಯಲ್ಲಿ 80 ಮೀಟರ್ ಏನು ಕಮ್ಮಿಯಲ್ಲ.

ವಾಚ್ ಮಾತು ಬಿಡಿ. ಅಪ್ಪ ಬೀಟಾ ಬ್ಲಾಕರ್ ಮಾತ್ರೆ ತಗೊಳ್ತಿರಬಹುದು, ಚೀಟಿ ನೋಡಿ. ಅದು ನಾಡಿಯನ್ನು ಹಿಡಿದಿಡುತ್ತದೆ. 220ರಲ್ಲಿ ವಯಸ್ಸು ಕಳೆದು ಗರಿಷ್ಠ ನಾಡಿ ಅಂದಾಜಿಸಿ, ಅದರ ಒಂದು ಪಾಲನ್ನು ಗುರಿಯಾಗಿಡುವ ವಾಚ್‌ನಂಥ ಲೆಕ್ಕ ಅಂಥವರಿಗೆ ಹೊಂದುವುದಿಲ್ಲ. ನಡೆಯುತ್ತಾ ಮಾತಾಡಲು ಆಗಬೇಕು, ಹಾಡಲು ಆಗಬಾರದು, ಅಷ್ಟು ವೇಗ ಸಾಕು. ಎದೆ ಹಿಡಿದುಕೊಂಡರೆ, ತಲೆ ಸುತ್ತಿದರೆ ಅಲ್ಲೇ ನಿಲ್ಲಬೇಕು. ಎದೆನೋವು ಕೂತ ಮೇಲೂ ಹೋಗದಿದ್ದರೆ ಕಾಯಬೇಡಿ, ನೇರ ಆಸ್ಪತ್ರೆಗೆ. ಎರಡು ಮೂರು ದಿನದಲ್ಲೇ ತೂಕ ಏರಿ ಕಾಲು ಊದಿದರೂ ಡಾಕ್ಟರಿಗೆ ತೋರಿಸಿ. ಮತ್ತೆ, 12 ವಾರ ಮುಗಿಯಿತು ಅಂತ ನಿಲ್ಲಿಸಬೇಡಿ. ಬಿಟ್ಟರೆ ಕೆಲವೇ ವಾರದಲ್ಲಿ ಕಾಲುಗಳು ಕಲಿತದ್ದನ್ನು ಮರೆಯತೊಡಗುತ್ತವೆ.