ತಲೆ ತಿರುಗುವವರಿಗೆ ತಲೆ ತಿರುಗಿಸುವ ವ್ಯಾಯಾಮ: ಯಾರಿಗಾದರೂ ಗುಣ ಕಂಡಿದೆಯೇ?

ಮುಲುಂಡ್‌ನಿಂದ ಪ್ರಶ್ನೆ

ನನಗೆ 36 ವರ್ಷ, ಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಹತ್ತು ತಿಂಗಳಿಂದ ತಲೆಸುತ್ತು. ನಿಂತ ನೆಲ ದೋಣಿಯ ಹಾಗೆ ಓಲಾಡುತ್ತದೆ. ಬೋರ್ಡಿನಿಂದ ಮಕ್ಕಳ ಕಡೆಗೆ ತಿರುಗಿದರೆ ಇಡೀ ತರಗತಿ ಪಕ್ಕಕ್ಕೆ ಜಾರುತ್ತದೆ. ಮೊದಲು ಪಿತ್ತವೆಂದರು. ಆಮೇಲೆ ಸ್ಪಾಂಡಿಲೈಟಿಸ್ ಎಂದು ಕುತ್ತಿಗೆಗೆ ಪಟ್ಟಿ ಹಾಕಿಸಿದರು. ಕೊನೆಗೆ ನರರೋಗ ತಜ್ಞರು ‘ವೆಸ್ಟಿಬ್ಯುಲರ್ ಮೈಗ್ರೇನ್’ (ತಲೆಸುತ್ತು ತರುವ ಮೈಗ್ರೇನ್) ಎಂದು ಮಾತ್ರೆ ಬರೆದು ಫಿಸಿಯೋಥೆರಪಿಗೆ ಕಳುಹಿಸಿದರು. ಅಲ್ಲಿ ವ್ಯಾಯಾಮಗಳ ಒಂದು ಹಾಳೆ ಕೈಗಿತ್ತು, ದಿನಕ್ಕೆ ಮೂರು ಹೊತ್ತು ಮಾಡಿ ಎಂದರು. ನಾಲ್ಕು ದಿನ ಮಾಡಿದೆ. ಐದನೆಯ ದಿನ ವಾಂತಿ, ಅರೆತಲೆನೋವು, ಹಾಸಿಗೆ. ಈಗ ಹಾಳೆ ಕಪಾಟಿನಲ್ಲಿದೆ. ಮತ್ತೆ ಶುರುಮಾಡಬೇಕೇ? ಮಾಡಿ ನೋಡಿದವರು ಹೇಳಿ.

ಡೊಂಬಿವಲಿಯಿಂದ

ತಂಗೀ, ಹಾಳೆಯನ್ನು ಕಪಾಟಿನಿಂದ ತೆಗೆಯಿರಿ. ಆದರೆ ಅದರಲ್ಲಿದ್ದಷ್ಟನ್ನೂ ಮಾಡಲು ಹೋಗಬೇಡಿ, ಕೊಟ್ಟವರ ಬಳಿಗೇ ಒಯ್ದು ಕಡಿಮೆ ಮಾಡಿಸಿಕೊಳ್ಳಿ.

ಆರು ವರ್ಷದ ಹಿಂದೆ ನನ್ನದೂ ಇದೇ ಕಥೆ, ಕುತ್ತಿಗೆ ಪಟ್ಟಿಯ ಸಮೇತ. ಫೋರ್ಟ್‌ನಲ್ಲಿ ಕೆಲಸ. ದಾದರ್ ಸೇತುವೆಯ ಮೇಲೆ ಎದುರಿನಿಂದ ಜನ ನುಗ್ಗಿ ಬರುವಾಗ ಕಂಬಿ ಹಿಡಿದು ಅಲ್ಲೇ ಕುಳಿತುಬಿಟ್ಟಿದ್ದೆ. ಹತ್ತು ಸಲ ಎಂದರೆ ಇಪ್ಪತ್ತು ಸಲ ಮಾಡುವ ಜಾತಿ ನಾನು. ಮೊದಲ ವಾರದಲ್ಲೇ ಮಲಗಿದೆ. ಎರಡನೆಯ ಫಿಸಿಯೋಥೆರಪಿಸ್ಟ್ ವ್ಯಾಯಾಮದ ಮಾತೇ ಎತ್ತಲಿಲ್ಲ. ‘ಈ ತಿಂಗಳು ಎಷ್ಟು ದಿನ ತಲೆನೋವಿತ್ತು?’ ಎಂದು ಕೇಳಿದರು. ಹದಿನಾಲ್ಕು ಎಂದೆ. ‘ಮಾತ್ರೆ ಹಿಡಿಯಲಿ, ಆರು ವಾರ ಬಿಟ್ಟು ಬನ್ನಿ’ ಎಂದು ವಾಪಸು ಕಳುಹಿಸಿದರು. ನನ್ನದು ಪ್ರೊಪ್ರನೊಲಾಲ್. ಮೈಗ್ರೇನ್ ಬಾರದಂತೆ ತಡೆಯುವ ಮಾತ್ರೆಗಳು ಇಂದು ನುಂಗಿ ನಾಳೆ ಫಲ ಕೊಡುವಂಥವಲ್ಲ, ವಾರಗಟ್ಟಲೆ ಕಾಯಬೇಕು.

ಆಮೇಲೆ ಸಿಕ್ಕಿದ ಮೊದಲ ವ್ಯಾಯಾಮ ಕೇಳಿದರೆ ನಗುತ್ತೀರಿ. ಚೀಟಿಯ ಮೇಲೆ ದಪ್ಪಗೆ ‘ಕ’ ಬರೆದು ಬರಿ ಗೋಡೆಗೆ ಅಂಟಿಸುವುದು. ಎದುರು ಕುರ್ಚಿಯಲ್ಲಿ ಕುಳಿತು, ಕಣ್ಣನ್ನು ಅಕ್ಷರದ ಮೇಲೇ ನೆಟ್ಟು, ‘ಬೇಡ ಬೇಡ’ ಎನ್ನುವಂತೆ ತಲೆಯನ್ನು ಎಡಬಲಕ್ಕೆ ಆಡಿಸುವುದು. ಹತ್ತು ಸೆಕೆಂಡು, ಅಷ್ಟೇ. ಇಷ್ಟಕ್ಕೆ ಶುಲ್ಕ ಬೇರೆಯೇ ಎಂದು ಸಿಟ್ಟು ಬಂದಿತ್ತು. ಆದರೆ ಆ ಹತ್ತು ಸೆಕೆಂಡು ಒಂದು ನಿಮಿಷವಾಗಲು ಎರಡೂವರೆ ತಿಂಗಳು ಹಿಡಿಯಿತು. ನಂತರ ನಿಂತುಕೊಂಡು, ಆಮೇಲೆ ಪಾದ ಜೋಡಿಸಿಕೊಂಡು. ಎಲ್ಲ ಸಲೀಸಾಯಿತು ಎಂದುಕೊಳ್ಳುವಾಗ ಚೀಟಿಯನ್ನು ಕಾಲನಿರ್ಣಯ ಕ್ಯಾಲೆಂಡರಿನ ಮೇಲೆ ಅಂಟಿಸಲು ಹೇಳಿದರು. ತಾರೀಖು, ತಿಥಿ, ನಕ್ಷತ್ರ, ಸಂಕಷ್ಟಿಯ ಚಂದ್ರೋದಯ, ಕೆಂಪು ಶಾಯಿ, ಕಪ್ಪು ಶಾಯಿ, ಇವುಗಳ ನಡುವೆ ನನ್ನ ‘ಕ’. ಬರಿ ಗೋಡೆಯ ಮೇಲೆ ಕಲ್ಲಿನಂತೆ ನಿಂತಿದ್ದ ಅಕ್ಷರ ಅಲ್ಲಿ ಮೀನಿನ ಹಾಗೆ ನುಸುಳತೊಡಗಿತು. ಮತ್ತೆ ಹತ್ತು ಸೆಕೆಂಡಿಗೆ ಇಳಿದೆ. ದಾದರ್ ಸೇತುವೆಗೆ ನಿಜವಾದ ತಾಲೀಮು ಅದೇ ಎಂದು ಆಮೇಲೆ ತಿಳಿಯಿತು.

ಅವರು ವಿವರಿಸಿದ್ದು ಹೀಗೆ: ತಲೆ ಎಷ್ಟು ತಿರುಗಿತೆಂದು ಒಳಗಿವಿ ಮೆದುಳಿಗೆ ಹೇಳುತ್ತದೆ, ಕಣ್ಣು ಅಷ್ಟೇ ವೇಗದಲ್ಲಿ ಎದುರು ದಿಕ್ಕಿಗೆ ಹೊರಳುತ್ತದೆ. ಅದಕ್ಕೇ ನಡೆಯುತ್ತಲೂ ಅಂಗಡಿಯ ಫಲಕ ಓದಬಲ್ಲೆವು. ಮೈಗ್ರೇನ್ ಇರುವ ಮೆದುಳಿಗೆ ಈ ಸುದ್ದಿಯೆಲ್ಲ ವಿಪರೀತ ಜೋರಾಗಿ ಕೇಳಿಸುತ್ತದೆ. ಅದನ್ನು ಸ್ವಲ್ಪಸ್ವಲ್ಪವಾಗಿ ಪಳಗಿಸಬೇಕು, ಬೆದರಿಸಬಾರದು.

ಸಮತೋಲನದ ಅಭ್ಯಾಸ ಅಡುಗೆಮನೆಯಲ್ಲೇ ನಡೆಯಿತು. ಕಟ್ಟೆ ಕೈಗೆಟಕುವಷ್ಟು ಹತ್ತಿರದಲ್ಲಿ ನಿಂತು, ಒಂದು ಪಾದದ ಹಿಮ್ಮಡಿಗೆ ಇನ್ನೊಂದರ ಬೆರಳು ತಾಗಿಸಿ, ಕುಕ್ಕರ್ ಒಂದು ಸೀಟಿ ಹೊಡೆಯುವವರೆಗೆ. ಕಣ್ಣು ಮುಚ್ಚಿ ಮಾಡುವುದಾದರೆ ಪಕ್ಕದಲ್ಲಿ ಯಾರಾದರೂ ಇರಲೇಬೇಕು.

ಇನ್ನೊಂದು: ನಾನು ಸಂಕಷ್ಟಿಗೆ ಚಂದ್ರೋದಯದವರೆಗೆ ಉಪವಾಸವಿರುತ್ತಿದ್ದೆ. ಮರುದಿನ ತಪ್ಪದೆ ತಲೆಸುತ್ತು. ಕಾಲನಿರ್ಣಯದಲ್ಲಿ ಗುರುತು ಹಾಕತೊಡಗಿದ ಮೇಲೆಯೇ ಅದು ಕಣ್ಣಿಗೆ ಬಿದ್ದದ್ದು. ಈಗ ಹೊತ್ತಿಗೆ ಸರಿಯಾಗಿ ತಿನ್ನುತ್ತೇನೆ. ಗಣಪತಿಗೆ ಬೇಸರವಾದಂತಿಲ್ಲ.

ಮಾಟುಂಗದಿಂದ

ನನಗೆ ಎರಡೇ ಭೇಟಿಯಲ್ಲಿ ಗುಣವಾಯಿತು, ಆದರೆ ನನ್ನದು ಬೇರೆ ಕಾಯಿಲೆ. ಹಾಸಿಗೆಯಲ್ಲಿ ಮಗ್ಗುಲು ಬದಲಿಸಿದರೆ ಕೋಣೆ ಗಿರಗಿರ, ಒಂದು ನಿಮಿಷದೊಳಗೆ ಶಾಂತ. ಒಳಗಿವಿಯ ಸಣ್ಣ ಹರಳುಗಳು ಜಾಗ ಬಿಟ್ಟಿವೆ ಎಂದು ಇ.ಎನ್.ಟಿ. ವೈದ್ಯರು ‘ಎಪ್ಲಿ’ ಎಂಬ ಕ್ರಮದಲ್ಲಿ ತಲೆಯನ್ನು ಹಂತಹಂತವಾಗಿ ಹೊರಳಿಸಿ ಸರಿಪಡಿಸಿದರು. ಮೊಬೈಲ್‌ನಲ್ಲಿ ಎಪ್ಲಿ ನೋಡಿ ನೀವೂ ಮಾಡಿಕೊಳ್ಳಬೇಡಿ, ಅದು ಮೈಗ್ರೇನ್‌ಗೆ ಮದ್ದಲ್ಲ.

ಪುಣೆಯಿಂದ, ಫಿಸಿಯೋಥೆರಪಿಸ್ಟ್ ಒಬ್ಬರು

ಮಾಟುಂಗದವರು ಹೇಳಿದ್ದು ಸರಿ. ಆದರೆ ಎರಡೂ ಒಬ್ಬರಲ್ಲೇ ಇರಬಹುದು, ಮೈಗ್ರೇನ್ ಇರುವವರಿಗೆ ಹರಳಿನ ತೊಂದರೆಯೂ ಹೆಚ್ಚು. ಆದ್ದರಿಂದ ಹರಳಿನ ತೊಂದರೆ ಪತ್ತೆಹಚ್ಚುವ ಡಿಕ್ಸ್-ಹಾಲ್‌ಪೈಕ್ ಪರೀಕ್ಷೆ ಆಗಿದೆಯೇ ಎಂದು ಕೇಳಿ. ವೆಸ್ಟಿಬ್ಯುಲರ್ ಮೈಗ್ರೇನ್‌ಗೆ 2012ರಲ್ಲಿ ಗೊತ್ತುಪಡಿಸಿದ ಲಕ್ಷಣಗಳ ಪ್ರಕಾರ ತಲೆಸುತ್ತಿನ ಒಂದು ಸರದಿ 5 ನಿಮಿಷದಿಂದ 72 ಗಂಟೆಯವರೆಗೆ ಇರಬಹುದು, ಪ್ರತಿ ಸಲವೂ ತಲೆ ನೋಯಬೇಕೆಂದಿಲ್ಲ.

ನಿಮ್ಮ ಕೈಯಲ್ಲಿರುವ ಹಾಳೆ ಬಹುಶಃ ಕಾಥಾರ್ನ್-ಕುಕ್ಸಿ ವ್ಯಾಯಾಮಗಳದ್ದು. 1940ರ ದಶಕದಲ್ಲಿ ಇಂಗ್ಲೆಂಡಿನ ಇಬ್ಬರು ವೈದ್ಯರು ತಲೆಗೆ ಪೆಟ್ಟು ಬಿದ್ದವರಿಗಾಗಿ, ಒಳಗಿವಿ ಕೆಟ್ಟವರಿಗಾಗಿ ರೂಪಿಸಿದ್ದು. ಒಳ್ಳೆಯ ವ್ಯಾಯಾಮವೇ, ಆದರೆ ಮೈಗ್ರೇನ್ ಇರುವವರಿಗೆ ಜೆರಾಕ್ಸ್ ಪ್ರತಿ ಕೊಟ್ಟು ಕಳುಹಿಸುವುದು ನಮ್ಮವರ ಸೋಮಾರಿತನ. ನಾನು ಅನುಸರಿಸುವ ಲೆಕ್ಕ: ವ್ಯಾಯಾಮದಿಂದ ತಲೆಸುತ್ತು ಸ್ವಲ್ಪ ಏರಬೇಕು, ಏರದಿದ್ದರೆ ಮೆದುಳು ಕಲಿಯುವುದಿಲ್ಲ. ಆದರೆ ಹದಿನೈದು ಇಪ್ಪತ್ತು ನಿಮಿಷದಲ್ಲಿ ಇಳಿಯಬೇಕು. ಸಂಜೆಯವರೆಗೂ ಉಳಿದರೆ ಪ್ರಮಾಣ ಹೆಚ್ಚಾಯಿತೆಂದು ಅರ್ಥ. ಮೈಗ್ರೇನ್ ಬಂದ ದಿನ ಪೂರ್ತಿ ರಜೆ. ಪ್ರೊಕ್ಲೋರ್‌ಪೆರಝಿನ್, ಸಿನ್ನರಿಝಿನ್ ಥರದ ತಲೆಸುತ್ತು ಅಡಗಿಸುವ ಮಾತ್ರೆಗಳನ್ನು ತಿಂಗಳುಗಟ್ಟಲೆ ನುಂಗುತ್ತಿದ್ದರೆ ವೈದ್ಯರಿಗೆ ತಿಳಿಸಿ, ಅವು ಈ ಕಲಿಕೆಯನ್ನು ನಿಧಾನಗೊಳಿಸುತ್ತವೆ. ನೀವಾಗಿ ನಿಲ್ಲಿಸಬೇಡಿ.

ಮಾತು ತೊದಲಿದರೆ, ಒಂದು ಎರಡಾಗಿ ಕಂಡರೆ, ಒಂದು ಬದಿಯ ಕೈಕಾಲು ಸೋತರೆ, ಒಂದು ಕಿವಿ ಥಟ್ಟನೆ ಕೇಳದಾದರೆ, ಮೈಗ್ರೇನ್ ಎಂದು ಮಲಗದೆ ಕೂಡಲೇ ಆಸ್ಪತ್ರೆಗೆ ಹೋಗಿ.

ಸಯನ್‌ನಿಂದ

ಎಲ್ಲರೂ ಹೊಗಳುತ್ತಿದ್ದೀರಿ, ಒಂದು ಅಪಸ್ವರವೂ ಇರಲಿ. ಅಮ್ಮನಿಗೆ ನಾಲ್ಕು ತಿಂಗಳು ಮಾಡಿಸಿದೆವು. ನಡಿಗೆಯಲ್ಲಿ ಧೈರ್ಯ ಬಂತು, ಗೋಡೆ ಹಿಡಿಯುವುದು ಬಿಟ್ಟರು. ಸರದಿಗಳು ಮಾತ್ರ ಕಡಿಮೆಯಾಗಲಿಲ್ಲ. ಅವು ಕಡಿಮೆಯಾದದ್ದು ಮಾತ್ರೆ ಬದಲಿಸಿದ ಮೇಲೆ, ರಾತ್ರಿ ಧಾರಾವಾಹಿ ಬಿಟ್ಟು ಹತ್ತಕ್ಕೆ ಮಲಗತೊಡಗಿದ ಮೇಲೆ. ಖರ್ಚಿನ ಚಿಂತೆ ಇದ್ದರೆ ಪಾಲಿಕೆಯ ಕೆ.ಇ.ಎಂ., ಸಯನ್, ನಾಯರ್ ಮೂರೂ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗವಿದೆ. ಸಾಲು ಉದ್ದ, ಬೆಳಿಗ್ಗೆ ಬೇಗ ಹೋಗಿ.

ಮುಲುಂಡ್‌ನಿಂದ ಮತ್ತೆ

ಎಲ್ಲರಿಗೂ ಧನ್ಯವಾದ. ಮಂಗಳವಾರ ಹಾಳೆ ಹಿಡಿದು ಹೋಗುತ್ತಿದ್ದೇನೆ. ಅಕ್ಕಾ, ಲೋಕಲ್ ಗಾಡಿಯ ಗತಿ ಏನು? ಮುಂದಿನ ತಿಂಗಳಿಂದ ಕುರ್ಲಾದ ಶಾಲೆಗೆ ಹೋಗಬೇಕು.

ಡೊಂಬಿವಲಿಯಿಂದ

ಅದನ್ನೂ ವ್ಯಾಯಾಮದ ಹಾಗೆಯೇ ಮಾಡಿದೆ. ಶನಿವಾರ ಮಧ್ಯಾಹ್ನ ಸ್ಲೋ ಗಾಡಿಯಲ್ಲಿ ಕೋಪರ್‌ವರೆಗೆ ಒಂದೇ ನಿಲ್ದಾಣ, ಇಳಿದು ವಾಪಸು. (ರವಿವಾರ ಬೇಡ, ಹಳಿ ದುರಸ್ತಿಗೆ ಗಾಡಿ ನಿಲ್ಲಿಸುವ ಮೆಗಾ ಬ್ಲಾಕ್ ಇದ್ದರೆ ಜನಜಂಗುಳಿ.) ನೀವು ನಾಹೂರ್‌ವರೆಗೆ ಹೋಗಿ ಬನ್ನಿ. ಗಾಡಿ ಹೋಗುವ ದಿಕ್ಕಿಗೆ ಮುಖ ಮಾಡಿ ಕುಳಿತುಕೊಳ್ಳಿ, ಮೊಬೈಲ್ ಚೀಲದಲ್ಲಿರಲಿ. ಪಕ್ಕದ ಹಳಿಯಲ್ಲಿ ಫಾಸ್ಟ್ ಗಾಡಿ ಹಾದುಹೋಗುವಾಗ ಕಿಟಕಿ ಬಿಟ್ಟು ಬಾಗಿಲಿನ ಕಂಬವನ್ನು ನೋಡಿ.

ಮಳೆ ಹಿಡಿದಾಗಿನಿಂದ ನನಗೂ ಎರಡು ದಿನ ಓಲಾಟ. ‘ಕ’ ಚೀಟಿ ಕಾಲನಿರ್ಣಯದಿಂದ ಮತ್ತೆ ಬರಿ ಗೋಡೆಗೆ ಬಂದಿದೆ. ಮಂಗಳವಾರ ಏನೆಂದರು, ಬರೆಯಿರಿ.